ಗುಂಡಿನ ಮೂತಿಯಲ್ಲಿ ಸಿಕ್ಕಿದ್ದು

ನಮ್ಮ ಸರ್ ತೀರಿಕೊಂಡ ಸುದ್ದಿ ಬಂದಾಗ ನಾನು ಜೆಲಾಟಿನ್ ಕಲಸುತ್ತಿದ್ದೆ. ಕೈ ಬಿಡುವ ಹಾಗಿರಲಿಲ್ಲ. ಅರ್ಧಕ್ಕೆ ಬಿಟ್ಟರೆ ಗಂಟು ಕಟ್ಟುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಹಾಗಾಗಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಸೌಟು ತಿರುಗಿಸುತ್ತಲೇ ಅವರ ಹೆಂಡತಿ ಹೇಳಿದ್ದನ್ನೆಲ್ಲ ಕೇಳಿದೆ. ನೋಡಿದವರು ನನ್ನನ್ನು ಕಲ್ಲೆದೆಯವಳು ಎಂದಾರು. ಸರ್ ಇದ್ದಿದ್ದರೆ ಗಂಟಾಗಲಿಲ್ಲ ತಾನೇ ಎಂದು ಮೊದಲು ವಿಚಾರಿಸುತ್ತಿದ್ದರು. ಫೋನ್ ಇಟ್ಟ ಮೇಲೆ, ಪಾಕವನ್ನು ಅಚ್ಚಿಗೆ ಸುರಿದು, ಗೋಡೆಗೆ ಒರಗಿ ಅತ್ತೆ.

ನಮ್ಮದು ಪಿಸ್ತೂಲು, ಗುಂಡುಗಳನ್ನು ಪರೀಕ್ಷಿಸುವ ಸರಕಾರಿ ಪ್ರಯೋಗಾಲಯ. ಎಲ್ಲೋ ಒಂದು ಕಡೆ ಗುಂಡು ಹಾರಿದರೆ ಪೊಲೀಸರು ಪಿಸ್ತೂಲನ್ನೂ ದೇಹದಿಂದ ತೆಗೆದ ಗುಂಡನ್ನೂ ಅರಗಿನ ಮುದ್ರೆ ಒತ್ತಿದ ಪೊಟ್ಟಣದಲ್ಲಿ ನಮಗೆ ಕಳಿಸುತ್ತಾರೆ. ಜೆಲಾಟಿನ್ ಪುಡಿಯನ್ನು ಹದವಾದ ಬಿಸಿನೀರಿನಲ್ಲಿ ಕರಗಿಸಿ ಫ್ರಿಜ್ಜಿನಲ್ಲಿಟ್ಟರೆ ದಿಂಬಿನ ಗಾತ್ರದ ಗಟ್ಟಿ ಮುದ್ದೆಯಾಗುತ್ತದೆ. ಅದು ಗುಂಡನ್ನು ತಡೆಯುವ ರೀತಿ ಹೆಚ್ಚುಕಡಿಮೆ ನಮ್ಮ ಮಾಂಸ ತಡೆಯುವ ರೀತಿಯದೇ. ಮೇಲಾಗಿ ಅದರೊಳಗೆ ಕಣ್ಣು ಹಾಯುತ್ತದೆ. ಗುಂಡು ಎಷ್ಟು ಆಳ ಹೋಯಿತು, ಎಲ್ಲಿ ಅರಳಿತು, ಎಲ್ಲಿ ಹೊರಳಿತು ಎಲ್ಲವನ್ನೂ ಹೊರಗಿನಿಂದಲೇ ನೋಡಬಹುದು. ಇದನ್ನು ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಎಷ್ಟು ಸಲ ಬಿಡಿಸಿ ಹೇಳಿದರೂ ಅಮ್ಮಿ ಮಾತ್ರ ನೆಂಟರಿಷ್ಟರ ಮುಂದೆ, ತಮ್ಮ ಮಗಳು ಪೊಲೀಸರಿಗೆ ಹಲ್ವಾ ಮಾಡಿಕೊಡುತ್ತಾಳೆ ಎಂದೇ ಹೇಳುತ್ತಾರೆ. ಸರ್ ಅದಕ್ಕೆ ಇಟ್ಟ ಹೆಸರು ಗಿಣ್ಣ.

ಸರ್ ಇಂಡಿ ತಾಲೂಕಿನ ಸಾಲೋಟಗಿಯವರು, ನಮ್ಮ ವಿಭಾಗದ ಮುಖ್ಯಸ್ಥರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಸದಾ ಊರಿನ ನಿಂಬೆಹಣ್ಣು ತುಂಬಿದ ಒಂದು ಚೀಲ. ಮೊಟ್ಟೆ ಕಂಡರೆ ಮುಖ ತಿರುವುವ ಮನುಷ್ಯ. ಇಂಥವರು ಎಲುಬಿನಿಂದ ತೆಗೆದ ಜೆಲಾಟಿನ್ ಜೊತೆ ಜೀವಮಾನ ಕಳೆದದ್ದು ನನಗೆ ಮೊದಲಿನಿಂದಲೂ ತಮಾಷೆಯ ಸಂಗತಿ. ನಾನು ಕೆಲಸಕ್ಕೆ ಸೇರಿದ ದಿನ ಪುಡಿಯ ಡಬ್ಬಿಯ ಮುಂದೆ ಅನುಮಾನದಿಂದ ನಿಂತಿದ್ದನ್ನು ಅವರು ಕಂಡರು. ಕೇಳುವ ಮೊದಲೇ ಉತ್ತರ ಕೊಟ್ಟರು.

“ಹಂದೀದಲ್ಲ ಇದು ಯವ್ವಾ, ದನದ ಎಲುಬಿಂದು. ನಿನಗ ನಡೀತೈತಿ, ನನಗ ನಡ್ಯೂದಿಲ್ಲ. ಹಂಗಾಗಿ ನೀ ಕಲಸು, ನಾ ಗುಂಡು ಹೊಡೀತೇನಿ.”

ಈ ಒಪ್ಪಂದ ರಮಜಾನಿನ ತನಕ ನಡೆಯಿತು. ನೊರೆ ಬರಬಾರದೆಂದು ಪಾಕಕ್ಕೆ ನಾವು ಒಂದೆರಡು ಹನಿ ದಾಲ್ಚಿನ್ನಿ ಎಣ್ಣೆ ಹಾಕುತ್ತೇವೆ. ರೋಜಾ ಹಿಡಿದವಳಿಗೆ ಮಧ್ಯಾಹ್ನದ ಹೊತ್ತು ಆ ವಾಸನೆ ಮೂಗಿಗೆ ಬಿದ್ದರೆ ಬಿರಿಯಾನಿಯಲ್ಲದೆ ಬೇರೇನು ನೆನಪಾದೀತು? ನನ್ನ ಮುಖ ನೋಡಿ ಸರ್ ಸೌಟನ್ನು ಕಸಿದುಕೊಂಡರು. ಆ ತಿಂಗಳು ಪೂರ್ತಿ ತಾವೇ ಕಲಸಿದರು. ಕಲಸಿದ ದಿನ ಸಂಜೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳುವವರೆಗೆ ಏನನ್ನೂ ತಿನ್ನುತ್ತಿರಲಿಲ್ಲವಂತೆ. ಹೀಗಾಗಿ ಆ ತಿಂಗಳು ಅವರದೂ ಒಂದು ಬಗೆಯ ರೋಜಾ ಆಯಿತು ಎಂದು ನಾನು ಛೇಡಿಸುತ್ತಿದ್ದೆ.

ಅವರಿಗೊಂದು ಅಭ್ಯಾಸವಿತ್ತು. ಗುಂಡು ಹಾರಿಸಿ, ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಿಣ್ಣದ ಹತ್ತಿರ ಹೋಗುತ್ತಿದ್ದರು. ಬಾವಿಯಲ್ಲಿ ಬಿದ್ದ ಕೊಡ ಹುಡುಕುವವರ ಹಾಗೆ ಬಗ್ಗಿ ಬಗ್ಗಿ ನೋಡುತ್ತಿದ್ದರು. ಎಷ್ಟೋ ಹೊತ್ತಾದರೂ ಕೈ ಮಾತ್ರ ಬೆನ್ನ ಹಿಂದೆಯೇ. ನನಗೆ ಚಾಕು ಹಾಕಿ ಗುಂಡು ತೆಗೆಯುವ ಅವಸರ. “ಮೊದಲ ಕಣ್ಣು, ಆಮ್ಯಾಲ ಕೈ” ಎನ್ನುತ್ತಿದ್ದರು. ತಟ್ಟೆಗೆ ಬಡಿಸಿದ ರೊಟ್ಟಿಯನ್ನೂ ಹೀಗೇ ನೋಡುತ್ತ ಕೂಡುತ್ತಾರೆ, ಆರಿ ಹೋಗುತ್ತದೆ ಎಂದು ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ದೂರಿದ್ದರು.

ಗಿಣ್ಣವನ್ನೂ ಅವರು ಸುಮ್ಮನೆ ನಂಬುತ್ತಿರಲಿಲ್ಲ. ಪ್ರತಿ ಸಲ ಮೊದಲು ಒಂದು ಸಣ್ಣ ಉಕ್ಕಿನ ಗುಂಡನ್ನು ಹೊಡೆದು, ಅದು ಹೋಗಬೇಕಾದಷ್ಟೇ ಆಳ ಹೋಯಿತೇ ಎಂದು ಅಳೆದು, ಹದ ಸರಿಯಿದ್ದರೆ ಮಾತ್ರ ಮುಂದಿನ ಮಾತು. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ಜು ನಿಂತರೆ ಇಡೀ ವಾರದ ಕೆಲಸವನ್ನು ಕಣ್ಣು ಮಿಟುಕಿಸದೆ ಚೆಲ್ಲಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವರೂರಲ್ಲಿ ಒಂದು ಹಳೆಯ ಶಾಸನವಿದೆ. ಅದರಲ್ಲಿ ಒಂದಕ್ಷರ ಊಹೆಯಿಂದ ಓದಿದರೆ ಇಡೀ ಸಾಲಿನ ಅರ್ಥ ಹಾಳಾಗುತ್ತದೆಂದು ಸಣ್ಣವರಿದ್ದಾಗ ಯಾರೋ ಹಿರಿಯರು ಹೇಳಿದ್ದರಂತೆ. ಅದನ್ನೇ ನನಗೂ ಹೇಳಿ ಸಮಾಧಾನ ಮಾಡುತ್ತಿದ್ದರು.

ಇಷ್ಟೆಲ್ಲ ಎಚ್ಚರದ ಮನುಷ್ಯ ಒಮ್ಮೆ ಎಡವಿದರು. ಅವರನ್ನು ನಾನು ಮರೆಯದಿರುವುದು ಆ ಒಂದು ಪ್ರಕರಣಕ್ಕಾಗಿ.

ಭೀಮಾ ದಂಡೆಯಲ್ಲಿ, ದೇವಣಗಾಂವದ ಆಚೆಯ ಒಂದು ಹಳ್ಳಿ. ಚಳಿಗಾಲದ ಒಂದು ಬೆಳಗಿನ ಜಾವ ಅಲ್ಲಿಯ ರೈತನೊಬ್ಬ ಮಲಗಿದ ಜಾಗದಲ್ಲೇ ಹೊಟ್ಟೆಗೆ ಗುಂಡು ಬಿದ್ದು ಸತ್ತಿದ್ದ. ಪಿಸ್ತೂಲು ಅವನದೇ, ಲೈಸೆನ್ಸಿನದು. ಮನೆಯಲ್ಲಿ ಇದ್ದವರು ತಾಯಿ ಮತ್ತು ಒಬ್ಬ ತಮ್ಮ. ಅಣ್ಣತಮ್ಮಂದಿರ ನಡುವೆ ಹೊಲದ ಪಾಲಿನ ಜಗಳವಿತ್ತು. ತಮ್ಮನೇ ಬಾಗಿಲಲ್ಲಿ ನಿಂತು ಹೊಡೆದ ಎಂದು ಪೊಲೀಸರು ಹಿಡಿದುಕೊಂಡು ಹೋದರು. ನಮಗೆ ಬಂದದ್ದು ಪಿಸ್ತೂಲು, ಉಳಿದ ಕಾಡತೂಸುಗಳು, ದೇಹದಿಂದ ತೆಗೆದ ಗುಂಡು, ಸತ್ತವನ ಮೈಮೇಲಿದ್ದ ಬನಿಯನ್ನು. ಜೊತೆಗೊಂದು ಪ್ರಶ್ನೆ, ಎಷ್ಟು ದೂರದಿಂದ ಹೊಡೆದದ್ದು?

ಹತ್ತಿರದಿಂದ ಹೊಡೆದರೆ ಬಟ್ಟೆಯ ಮೇಲೆ ಮಸಿ ಕೂಡುತ್ತದೆ. ಆ ಬನಿಯನ್ನಿನ ಮೇಲೆ ಮಸಿಯ ಸುಳಿವೇ ಇರಲಿಲ್ಲ. ಕೈಯಳತೆಯಿಂದ ಹೊಡೆದದ್ದಲ್ಲ ಎಂದು ಸರ್ ವರದಿ ಬರೆದರು. ತಮ್ಮನೋ, ಪಿಸ್ತೂಲು ತನ್ನ ಕೈಯ ಹತ್ತಿರವೇ ಅಕಸ್ಮಾತ್ ಹಾರಿತೆಂದು ಹೇಳಿಕೊಂಡಿದ್ದನಂತೆ. ನಮಗೆ ಅದನ್ನು ಯಾರೂ ತಿಳಿಸಿರಲಿಲ್ಲ. ವರದಿ ಹೋದ ಮೇಲೆ ಅವನ ಮಾತು ಸುಳ್ಳೆಂದು ಎಲ್ಲರೂ ತೀರ್ಮಾನಿಸಿದರು. ಅವನಿಗೆ ಜಾಮೀನೂ ಸಿಗಲಿಲ್ಲ.

ಆದರೆ ಸರ್‌ಗೆ ಒಂದು ತುರಿಕೆ ಉಳಿಯಿತು. ಆ ಬಗೆಯ ಗುಂಡಿನ ಮೂತಿಯಲ್ಲಿ ಒಂದು ಕುಳಿ ಇರುತ್ತದೆ. ಮೈಗೆ ಹೊಕ್ಕೊಡನೆ ಕುಳಿಗೆ ಒತ್ತಡ ಬಿದ್ದು ಗುಂಡು ಹೂವಿನ ಹಾಗೆ ಅರಳಿ, ಅಗಲವಾಗಿ, ಬೇಗ ನಿಲ್ಲುತ್ತದೆ. ಇದು ಅರಳಿರಲಿಲ್ಲ, ಮೊಗ್ಗಿನ ಹಾಗೇ ಇತ್ತು. ಅದೇ ಕಾಡತೂಸುಗಳನ್ನು ಗಿಣ್ಣಕ್ಕೆ ಹತ್ತಿರದಿಂದ ಹೊಡೆದರು, ಬಾಗಿಲಷ್ಟು ದೂರದಿಂದ ಹೊಡೆದರು, ಮುಂದೆ ಬನಿಯನ್ನು ಕಟ್ಟಿ ಹೊಡೆದರು. ಪ್ರತಿ ಸಲವೂ ಅರಳಿತು. ಪೊಲೀಸರ ಕಥೆಗೂ ಹೊಂದದ, ತಮ್ಮನ ಕಥೆಗೂ ಹೊಂದದ ಗುಂಡು ಅದು. ಕುಳಿಯೊಳಗೆ ಗಟ್ಟಿಯಾಗಿ ತುಂಬಿಕೊಂಡಿದ್ದ ಏನೋ ಒಂದು ಬಿರಡೆಯನ್ನು ಸರ್ ಸೂಜಿಯಿಂದ ಎಬ್ಬಿಸಿ, ಅಂಚಿನಿಂದ ಚೂರು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಹತ್ತಿಯ ಎಳೆ, ಜೋಳದ ಹಿಟ್ಟು. ಎಳೆ ಬನಿಯನ್ನಿನದು, ಹಿಟ್ಟು ಹೊಟ್ಟೆಯಲ್ಲಿದ್ದ ರೊಟ್ಟಿಯದು ಎಂದುಕೊಂಡು ಉಳಿದದ್ದನ್ನು ಪೊಟ್ಟಣ ಕಟ್ಟಿಟ್ಟಿದ್ದರು. ನಮ್ಮ ಕಡೆ ಯಾರ ಹೊಟ್ಟೆಯಲ್ಲಿ ಜೋಳದ ರೊಟ್ಟಿ ಇರುವುದಿಲ್ಲ ಹೇಳಿ. ಬೇರೆ ಸೀಮೆಯವರಾಗಿದ್ದರೆ ಈ ಜೋಳ ಎಲ್ಲಿಂದ ಬಂತು ಎಂದು ಹುಬ್ಬೇರಿಸುತ್ತಿದ್ದರೇನೋ. ರೊಟ್ಟಿ ತಿಂದು ಬೆಳೆದ ನಮಗೆ ಅದು ಪ್ರಶ್ನೆ ಅಂತಲೇ ಅನ್ನಿಸಲಿಲ್ಲ.

ಮುಂದೆ ಒಂದು ರಜೆಯಲ್ಲಿ ಸರ್ ಊರಿಗೆ ಹೋದರು. ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದಾರೆ. ಎದುರಿಗೆ ಅವರ ಹೆಂಡತಿ, ನೆರೆಮನೆಯ ಹೆಂಗಸರ ಜೊತೆ, ಹೊಸ ಕೌದಿಯೊಂದನ್ನು ಹೊಲಿದು ಮುಗಿಸುತ್ತಿದ್ದಾರೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯಿಲ್ಲದೆ ನಮ್ಮ ಕಡೆ ಚಳಿಗಾಲ ಕಳೆಯುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದು ಕೆಲವು ಮನೆಗಳ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎನ್ನುತ್ತಾರೆ. ಹೆಂಡತಿ ಸರ್ ತಟ್ಟೆಯಿಂದಲೇ ಒಂದು ಚೂರು ಮುರಿದುಕೊಂಡು ಮೂಲೆಗೆ ತುರುಕಿದರು. ಸರ್ ಎಂಜಲು ಕೈಯಲ್ಲೇ ಎದ್ದು ನನಗೆ ಫೋನ್ ಮಾಡಿದರು.

ಆ ಪೊಟ್ಟಣ ತೆಗೆದಿಡು, ಮುಟ್ಟಬೇಡ ಎಂದರು. ಮರುದಿನ ಬಂದವರೇ ಬಿರಡೆಯನ್ನು ಉದ್ದಕ್ಕೆ ಸೀಳಿದರು. ಕುಳಿಯ ತಳದಲ್ಲಿರುವುದು ಗುಂಡು ಮೊದಲು ಹೊಕ್ಕ ವಸ್ತು, ಬಾಯಲ್ಲಿರುವುದು ಕೊನೆಗೆ ಹೊಕ್ಕದ್ದು. ತಳದಲ್ಲಿ ಕೆಂಪು ಎಳೆ, ಆಮೇಲೆ ಹಿಟ್ಟು, ಅದರ ಮೇಲೆ ಮತ್ತೆ ಕೆಂಪು ಎಳೆ, ಹಸಿರು ಎಳೆ, ತುದಿಯಲ್ಲಿ ಬನಿಯನ್ನಿನ ಬಿಳಿ. ಹೊಟ್ಟೆಯೊಳಗಿನ ರೊಟ್ಟಿ ಎರಡು ಬಟ್ಟೆಯ ನಡುವೆ ಹೋಗಿ ಕೂರಲು ಸಾಧ್ಯವೇ ಇಲ್ಲ. ಸಿಕ್ಕಿತಲ್ಲ ಸರ್ ಎಂದು ನಾನು ಹಿಗ್ಗಿದೆ. ಸರ್ ಮಾತ್ರ ತಾವು ಬರೆದ ವರದಿಯ ನಕಲನ್ನು ತೆಗೆದು ಓದತೊಡಗಿದರು.

ತನಿಖೆ ಮಾಡಿದ ಪೊಲೀಸ್ ಅಧಿಕಾರಿ ಬಸವನ ಬಾಗೇವಾಡಿ ಕಡೆಯವರು, ಒಳ್ಳೆಯ ಮನುಷ್ಯ. ಸತ್ತವನು ಏನು ಹೊದ್ದುಕೊಂಡಿದ್ದ ಎಂದು ಸರ್ ಫೋನಿನಲ್ಲಿ ಕೇಳಿದರು. “ಕೌದಿ ಇತ್ತಂತ್ರಿ. ನಾವು ಹೋಗೂದ್ರಾಗ ಹೆಣ್ಮಕ್ಕಳು ಹಾಸಿಗಿ ಎಲ್ಲಾ ಹೊಳಿಗಿ ಬಿಟ್ಟಿದ್ರು” ಎಂದರು ಅವರು. ಸತ್ತವರ ಹಾಸಿಗೆ ಮನೆಯಲ್ಲಿಡಬಾರದು, ಹೊಳೆಗೆ ಬಿಡಬೇಕು. ಕೌದಿ ಭೀಮೆಯ ಪಾಲಾಗಿತ್ತು. ಹರಕು ಅರಿವೆಯ ಸಲುವಾಗಿ ಯಾರು ತಲೆ ಕೆಡಿಸಿಕೊಂಡಾರು?

ಇನ್ನು ಪರೀಕ್ಷೆಗೆ ಬೇರೊಂದು ಕೌದಿ ಬೇಕಲ್ಲ. ಸರ್ ತಮ್ಮ ಮನೆಯ ಟ್ರಂಕಿನಿಂದ ಒಂದನ್ನು ತಂದರು. ತೀರಿಹೋದ ಅವರ ತಾಯಿ ಹೊಲಿದದ್ದು ಅದು. ಅಂಗಡಿಯಿಂದ ಬಟ್ಟೆ ತಂದು ಪದರ ಮಾಡೋಣ ಎಂದೆ. ಹೊಸ ಬಟ್ಟೆ ಬೇರೆ, ಉಟ್ಟು ಉಟ್ಟು ಮೆತ್ತಗಾದ ಬಟ್ಟೆ ಬೇರೆ ಎಂದರು. ಕೌದಿಯ ಮೂಲೆಯನ್ನು ಗಿಣ್ಣದ ಮುಂದೆ ಮಡಚಿ ಕಟ್ಟಿ, ಕೈಯಳತೆಯಿಂದ ಹೊಡೆದರು. ಗುಂಡು ಅರಳಲಿಲ್ಲ. ಕುಳಿಯ ತುಂಬ ಬಟ್ಟೆ ತುಂಬಿಕೊಂಡು, ಗಿಣ್ಣವನ್ನು ತೂರಿ, ಹಿಂದಿಟ್ಟಿದ್ದ ಇನ್ನೊಂದು ಗಿಣ್ಣದಲ್ಲಿ ಹೋಗಿ ನಿಂತಿತು. ಮಸಿಯೆಲ್ಲ ಕೌದಿಯ ಮೇಲೆ ಕೂತಿತ್ತು. ಅದರ ಹಿಂದೆ ಕಟ್ಟಿದ್ದ ಬನಿಯನ್ನು ಶುಭ್ರವಾಗಿತ್ತು. ನಾನು ಖುಷಿಯಿಂದ ತಿರುಗಿ ನೋಡಿದರೆ ಸರ್ ಗಿಣ್ಣದ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕೈ ತಾಯಿಯ ಕೌದಿಗೆ ಬಿದ್ದ ತೂತನ್ನು ಸವರುತ್ತಿತ್ತು. ನಾನು ಕಂಡಂತೆ ಕಣ್ಣಿಗಿಂತ ಮೊದಲು ಅವರ ಕೈ ಹೋದದ್ದು ಅದೊಂದೇ ಸಲ.

ತಮ್ಮ ಮೊದಲಿನ ಅಭಿಪ್ರಾಯ ತಪ್ಪು ಎಂದು ಸರ್ ಎರಡನೆಯ ವರದಿ ಬರೆದರು. ಮೇಲಿನವರಿಗೆ ಅದು ಹಿಡಿಸಲಿಲ್ಲ. ವಕೀಲರು ಇನ್ನು ಮುಂದೆ ನಿಮ್ಮ ಎಲ್ಲ ವರದಿಗಳನ್ನೂ ಹಿಡಿದು ಜಗ್ಗುತ್ತಾರೆ ಎಂದರು. ಸರ್ ನಿವೃತ್ತಿ ಹತ್ತಿರವಿತ್ತು. ನನಗೂ ಅದೇ ಭಯ. ಅದನ್ನು ಹೇಳಿಯೂ ಹೇಳಿದೆ. ಸರ್ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟು, “ಶರಬತ್ತ ಮಾಡ್ಕೊಂಡು ಕುಡಿಯವಾ, ಪಿತ್ತ ಇಳೀತೈತಿ” ಎಂದು ಹೊರಟುಬಿಟ್ಟರು.

ಕೋರ್ಟಿನಲ್ಲಿ ನಾನೂ ಇದ್ದೆ. ಹಾಗಾದರೆ ನೀವು ಮೊದಲು ಬರೆದದ್ದು ತಪ್ಪೇ ಎಂದು ಸರಕಾರಿ ವಕೀಲರು ಎರಡೆರಡು ಸಲ ಕೇಳಿದರು. ಎರಡು ಸಲವೂ ಹೌದೆಂದರು ಸರ್. ಆಮೇಲೆ ಅಣ್ಣತಮ್ಮಂದಿರ ತಾಯಿಯನ್ನು ಕರೆದರು. ಬಡಕಲು ಮೈ, ತಲೆಯ ಮೇಲೆ ಸೆರಗು. ಕಟಕಟೆಯಲ್ಲಿದ್ದ ಮಗನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಕೌದಿ ಯಾರು ಹೊಲಿದದ್ದು ಎಂದರೆ ತಾನೇ ಎಂದಳು. ಅದೇ ದೀಪಾವಳಿಗೆ ಮುಗಿಸಿದ್ದು, ಇನ್ನೂ ಒಂದು ಸಲವೂ ಒಗೆಯಲು ಹಾಕಿರಲಿಲ್ಲ. ಮೂಲೆಯ ಬಟ್ಟೆ ಯಾವುದು ಎಂದರೆ, ಮೇಲೂ ಒಳಗೂ ತನ್ನ ಕೆಂಪು ಸೀರೆ, ಕೆಳಗೆ ಹಸಿರು ಕುಪ್ಪಸದ ಬಟ್ಟೆ ಎಂದಳು. ಬಿರಡೆಯ ಎಳೆಗಳ ಬಣ್ಣವನ್ನು ಅವಳಿಗೆ ಆ ತನಕ ಯಾರೂ ಹೇಳಿರಲಿಲ್ಲ. ರೊಟ್ಟಿ ಇಟ್ಟಿದ್ದು ಒಂದೇ ಮೂಲೆಯಲ್ಲೇ ಎಂದರೆ ಹೌದೆಂದಳು. ಆ ಮೂಲೆ ಮಲಗಿದವರ ಯಾವ ಕಡೆಗೆ ಬರುತ್ತದೆ ಎಂದು ನ್ಯಾಯಾಧೀಶರು ಕೇಳಿದಾಗ ಮುದುಕಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

“ತಲಿ ಕಡೇರಿ. ಅನ್ನಕ್ಕ ಕಾಲ ತಾಗಿಸ್ತಾರೇನ್ರಿ?”

ಬಾಗಿಲಲ್ಲಿ ನಿಂತು ಹೊಡೆದಿದ್ದರೆ ಗುಂಡು ಹೊಟ್ಟೆಯ ಮೇಲೆ ಹರಡಿದ್ದ ಕೌದಿಯ ನಡುಭಾಗವನ್ನು ತೂರಬೇಕಿತ್ತು. ಇದು ತಲೆದಿಂಬಿನ ಹತ್ತಿರದ ಮೂಲೆಯನ್ನು ತೂರಿತ್ತು. ಪಿಸ್ತೂಲು ಇದ್ದದ್ದು ದಿಂಬಿನ ಕೆಳಗೆ. ಮೊದಲ ದಿನದಿಂದ ತಮ್ಮನು ಹೇಳಿದ್ದೂ ಅದನ್ನೇ. ಪಂಪಿಗೆ ತ್ರೀ ಫೇಸ್ ಕರೆಂಟು ಬಂದಿತ್ತು, ನೀರು ಹಾಯಿಸಲು ಅಣ್ಣನನ್ನು ಎಬ್ಬಿಸಲು ಹೋಗಿದ್ದ. ಏಳಲಿಲ್ಲವೆಂದು ದಿಂಬಿನಡಿ ಸಿಕ್ಕಿದ್ದ ಕೌದಿಯ ತುದಿ ಹಿಡಿದು ಜಗ್ಗಿದ. ಅದರಲ್ಲಿ ಸುತ್ತಿಕೊಂಡು ಬಂದ ಪಿಸ್ತೂಲು ಹಾರಿತು.

ಅವನನ್ನು ಬಿಡುಗಡೆ ಮಾಡಿದ ದಿನ ತಾಯಿ ಕೋರ್ಟಿನ ಬೇವಿನ ಮರದ ಕೆಳಗೆ ಸರ್‌ನ ದಾರಿ ಕಾಯುತ್ತಿದ್ದಳು. ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ನೇರವಾಗಿ ಅವರ ಮುಖ ನೋಡಿದಳು.

“ನಿಮ್ಮ ಕಾಗದ ನಂಬಿ ನಾ ಅವನ ಮಾರಿ ನೋಡಲಿಲ್ರಿ ಸಾಹೇಬ್ರ. ಜೇಲಿಗೆ ಒಂದ ದಿನಾನೂ ಹೋಗಲಿಲ್ಲ.”

ಕೈ ಮುಗಿದವರು ಸರ್. ಹೊರಡುವ ಮೊದಲು ಅವಳು ತಾನೊಂದು ಕೌದಿ ಹೊಲಿದು ಕೊಡುತ್ತೇನೆ ಎಂದಳು. ಕೆಲಸದಲ್ಲಿರುವ ತನಕ ತೆಗೆದುಕೊಳ್ಳುವಂತಿಲ್ಲ, ಆಮೇಲೆ ನಾನೇ ಬಂದು ಕೇಳುತ್ತೇನೆ ಎಂದರು ಸರ್. ಇದು ಹೊತ್ತು ಕಳೆಯುವ ಮಾತು ಎಂದೇ ನಾನು ತಿಳಿದಿದ್ದೆ. ನಿವೃತ್ತರಾದ ಮೇಲೆ ಸರ್ ನಿಜವಾಗಿಯೂ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಸಿಂದಗಿಯಲ್ಲಿ ಚಹಾ ಕುಡಿದು ನಾವು ಆ ಹಳ್ಳಿ ತಲುಪುವಾಗ ಬಿಸಿಲು ಏರಿತ್ತು. ಕೌದಿ ಎಂದೋ ಸಿದ್ಧವಾಗಿತ್ತು. ಒಂದು ಮೂಲೆ ಮಾತ್ರ ತೆರೆದೇ ಇತ್ತು. ಮುದುಕಿ ಒಳಗಿನಿಂದ ಬಿಸಿ ರೊಟ್ಟಿ ತಂದು ಮಗನ ಕೈಗೆ ಕೊಟ್ಟಳು, ಅವನು ಒಂದು ಚೂರು ಮುರಿದು ಸರ್ ಕೈಗೆ ಕೊಟ್ಟ. ಸರ್ ಅದನ್ನು ಮೂಲೆಯಲ್ಲಿಟ್ಟರು, ಅವಳು ಹೊಲಿದಳು. ವಾಪಸು ಬರುವಾಗ ಸರ್ ಕಾರಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು, ಇದು ಯಾರ ಅಂಗಿ, ಇದು ಯಾರ ಧೋತರ ಇದ್ದೀತು ಎಂದು ಊಹಿಸುತ್ತಲೇ ಇದ್ದರು.

ಅವರಿಗೆ ಮಣ್ಣು ಕೊಟ್ಟು ಒಂದು ವಾರದ ಮೇಲೆ ನಾನು ಸಾಲೋಟಗಿಗೆ ಹೋದೆ. ಕೊನೆಯ ದಿನಗಳಲ್ಲಿ ಅವರು ಹೊದ್ದುಕೊಂಡದ್ದು ಅದೇ ಕೌದಿಯನ್ನು. ಉಳಿದ ಹಾಸಿಗೆಯನ್ನೆಲ್ಲ ಹೊರಗೆ ಹಾಕಿದ್ದರು. ಇದನ್ನೂ ಹೊಳೆಗೆ ಬಿಟ್ಟುಬಿಡು ಎಂದು ಬಂಧುಗಳು ಹೇಳುತ್ತಿದ್ದರು. ಅವರ ಹೆಂಡತಿ ಮಾತ್ರ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಆ ಮುದುಕಿ ಕಾಣಿಸಿಕೊಂಡಳು, ಮಗನ ಕೈ ಹಿಡಿದುಕೊಂಡು. ಹೊಳೆಯ ಮಾತು ಅವಳ ಕಿವಿಗೂ ಬಿತ್ತು. ಬಂದವಳೇ ಕೌದಿಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಹೊಳಿಗಿ ಬ್ಯಾಡವಾ. ಒಂದ ಸಲ ಬಿಟ್ಟು ನೋಡೇನಿ.”

ಆಮೇಲೆ ಅದನ್ನು ಬಿಚ್ಚಿ ಸರ್ ಹೆಂಡತಿಯ ಭುಜಕ್ಕೆ ಹೊದಿಸಿದಳು, ರೊಟ್ಟಿಯ ಮೂಲೆ ತಲೆಯ ಕಡೆಗೆ ಬರುವ ಹಾಗೆ.